ಖಣ ತೊಟ್ಟ ರಾಣಿ

ಅಮೆರಿಕದ ನೆವಾರ್ಕಿನಲ್ಲಿ ಸೀರೆ ಉಡುವ ಹೆಂಗಸರಲ್ಲಿ ಕಮಲವ್ವನಿಗೆ ಅಳತೆ ಕೊಡದವರು ಕಡಿಮೆ. ಹೇವರ್ಡಿನಿಂದ, ಅಷ್ಟು ದೂರದ ಮೌಂಟನ್ ವ್ಯೂದಿಂದಲೂ ಬ್ಲೌಸಿನ ಬಟ್ಟೆ ಹಿಡಿದುಕೊಂಡು ಅವಳ ಮನೆಗೆ ಬರುತ್ತಾರೆ. ಅವಳ ಕೊರಳಲ್ಲಿ ತಾಳಿಯ ಜೊತೆಗೆ ಅಳತೆಯ ಟೇಪೂ ಸದಾ ಜೋತಾಡುತ್ತಿರುತ್ತದೆ. ಗ್ರೋಸರಿಗೆ ಹೋಗುವಾಗಲೂ ತೆಗೆಯಲು ಮರೆಯುತ್ತಾಳೆ.

"ನಿನ್ನ ತಾಳಿ ಯಾವುದು, ಟೇಪ್ ಯಾವುದು, ಒಂದೊಂದ್ಸಲ ನನಗ ಗೊತ್ತಾಗಂಗಿಲ್ಲ ನೋಡು" ಎಂದು ಗಂಡ ಅಪ್ಪಾಸಾಹೇಬ ಛೇಡಿಸಿದರೆ, "ಟೇಪ್ ಕೆಲಸಕ್ಕರೆ ಬರತೈತಿ" ಎಂದು ಅವಳು ತಲೆ ಎತ್ತದೆ ಉತ್ತರ ಕೊಡುತ್ತಾಳೆ.

ಗದಗಿನಲ್ಲಿ ಹುಟ್ಟಿ, ನರಗುಂದಕ್ಕೆ ಸೊಸೆಯಾಗಿ ಹೋಗಿ, ಅಲ್ಲಿಂದ ಗಂಡನ ಹಿಂದೆ ಅಮೆರಿಕಕ್ಕೆ ಬಂದವಳು ಕಮಲವ್ವ. ಅಪ್ಪಾಸಾಹೇಬ ಹೇವರ್ಡಿನ ಒಂದು ಯಂತ್ರದ ಬಿಡಿಭಾಗಗಳ ಕಾರ್ಖಾನೆಯಲ್ಲಿ ದುಡಿದು ಈಗ ನಿವೃತ್ತನಾಗಿದ್ದಾನೆ. ಒಬ್ಬಳೇ ಮಗಳು, ಟೆಕ್ಸಾಸಿನಲ್ಲಿ. ಕಮಲವ್ವನ ಇಂಗ್ಲಿಷು ಇಂದಿಗೂ ಅಂಗಡಿಯ ಮಟ್ಟಿಗಷ್ಟೇ. ಆದರೆ ಹೊಲಿಗೆ ಯಂತ್ರದ ಮುಂದೆ ಕೂತಾಗ ಅವಳಿಗೆ ಯಾವ ಊರೂ ಪರವೂರಲ್ಲ.

ಆ ಯಂತ್ರದ ಮೇಲಿನ ಗೋಡೆಯಲ್ಲಿ ಒಂದು ಪಟವಿತ್ತು. ಅವಳ ಅತ್ತೆ ಬಾಳವ್ವನಿಂದ ಬಂದ ಲಕ್ಷ್ಮಿಯ ಪಟ. ಮನೆಯವರೆಲ್ಲ ಕರೆಯುತ್ತಿದ್ದುದು ಲಕ್ಷ್ಮವ್ವ ಎಂದು. ಬೆಳ್ಳಗಿನ ದುಂಡು ಮುಖ, ತಲೆಯ ಮೇಲೆ ವಜ್ರದ ಪಟ್ಟಿ, ಕೊರಳಲ್ಲಿ ಸರ, ಹಣೆಯಲ್ಲಿ ಗಾಜು ಹಾಕಿಸುವ ಮುಂಚೆ ವರ್ಷಗಟ್ಟಲೆ ಹಚ್ಚಿ ಹಚ್ಚಿ ಕಾಗದಕ್ಕೇ ಇಳಿದುಹೋದ ಕುಂಕುಮ. ಭುಜದಿಂದ ಕೆಳಗೆ ಚಿತ್ರ ಕಾಣುತ್ತಲೇ ಇರಲಿಲ್ಲ. ಅಲ್ಲಿ ಕುಪ್ಪಸಕ್ಕೆಂದೇ ನೇಯುವ ಗುಳೇದಗುಡ್ಡದ ಖಣದ ತುಂಡುಗಳನ್ನು ಕತ್ತರಿಸಿ, ನೆರಿಗೆ ಹಿಡಿದು, ಗಂಜಿಯ ಅಂಟಿನಿಂದ ಅಂಟಿಸಿ, ಅಂಚಿಗೆ ಜರಿ ಹೊಲಿದು ಸೀರೆ ಕುಪ್ಪಸ ಮಾಡಿ ಉಡಿಸಿತ್ತು. ಹಿಂದೆಲ್ಲ ದೇವರ ಪಟಗಳಿಗೆ ಹೀಗೆ ಬಟ್ಟೆ ಉಡಿಸುವ ಪದ್ಧತಿ ಇತ್ತು. ಬಾಳವ್ವನ ಮನೆಯಲ್ಲಿ ಅದಕ್ಕೆ ಇನ್ನೊಂದು ನೇಮ ಸೇರಿಕೊಂಡಿತ್ತು. ಮನೆಯಲ್ಲಿ ಯಾರಿಗಾದರೂ ಕುಬಸವಾದರೆ, ಅಂದರೆ ಏಳನೆಯ ತಿಂಗಳಿಗೆ ಬಸುರಿಗೆ ಹಸಿರು ಕುಪ್ಪಸ ತೊಡಿಸಿ ಉಡಿ ತುಂಬಿದರೆ, ಆ ಕುಪ್ಪಸದ್ದೇ ಒಂದು ತುಂಡನ್ನು ಲಕ್ಷ್ಮವ್ವನಿಗೂ ಏರಿಸಬೇಕು.

ಹೊಸ ಸೊಸೆಯಾಗಿದ್ದಾಗ ಕಮಲವ್ವ ಕೇಳಿದ್ದಳು: "ಅತ್ತಿ, ಲಕ್ಷ್ಮವ್ವಗ ನಾಕು ಕೈ ಇರಬೇಕಲ್ಲರಿ? ಇಲ್ಲಿ ಒಂದೂ ಕಾಣವಲ್ದು."

"ಸೆರಗಿನ ಒಳಗದಾವ" ಎಂದಿದ್ದಳು ಬಾಳವ್ವ. "ಬಡವರ ಮನಿಗೆ ಬಂದ ಲಕ್ಷ್ಮಿ ಎಲ್ಲಾ ಕೈ ಒಮ್ಮೆಗೇ ತಗಿಯಂಗಿಲ್ಲ."

ಕಮಲವ್ವನಿಗೆ ಆ ಉತ್ತರ ಸಾಕಾಗಿತ್ತು. ಮುಂದೆ ಅವಳದೂ ಕುಬಸ ಆ ಪಟದ ಮುಂದೆಯೇ ಆಯಿತು. ಅತ್ತೆ ತೀರಿಕೊಂಡ ಮೇಲೆ ಪಟ ಸೀರೆಗಳ ನಡುವೆ ಮಲಗಿ ವಿಮಾನ ಏರಿ ಬಂತು. ಹೊಲಿಯುತ್ತ ಹೊಲಿಯುತ್ತ ಅದರ ಜೊತೆ ಮಾತಾಡುವುದು ಅವಳಿಗೆ ಅಭ್ಯಾಸವಾಯಿತು. ಮಗಳಿಗೆ ಜ್ವರ ಬಂದದ್ದು, ಗಂಡನ ಕಾರ್ಖಾನೆಯಲ್ಲಿ ಜನರನ್ನು ತೆಗೆದದ್ದು, ತವರಿನಲ್ಲಿ ಅಪ್ಪ ಸತ್ತಾಗ ಹೋಗಲಾಗದೇ ಹೋದದ್ದು, ಎಲ್ಲವನ್ನೂ ಲಕ್ಷ್ಮವ್ವನಿಗೆ ಹೇಳಿದ್ದಾಳೆ. ಮಗಳ ಕುಬಸವೊಂದು ಆಗಲಿಲ್ಲ. ಟೆಕ್ಸಾಸಿನ ಯಾವುದೋ ಹೋಟೆಲಿನಲ್ಲಿ ಗುಲಾಬಿ ಬಲೂನು ಕಟ್ಟಿ ಕೇಕು ಕತ್ತರಿಸಿದರು. ಬಲೂನಿನ ತುಂಡನ್ನು ಲಕ್ಷ್ಮವ್ವನಿಗೆ ಏರಿಸಲು ಬರುವುದಿಲ್ಲವಲ್ಲ.

ಹೀಗಿರುವಾಗ ನಿಸರ್ಗಾ ಬಂದಳು. ಮಂಡ್ಯದ ಹುಡುಗಿ, ಗಂಡ ಗುರುಕಿರಣ್. ತಾಯಿ ಇಲ್ಲ. ಬ್ಲೌಸಿನ ಅಳತೆ ಕೊಡಲು ಬಂದು ಆ ಪಟದ ಮುಂದೆ ಸುಮ್ಮನೆ ನಿಂತುಬಿಟ್ಟವಳು, ಆಮೇಲೆ ಹೊಲಿಸುವುದೇನೂ ಇಲ್ಲದಿದ್ದರೂ ಶುಕ್ರವಾರ ಶುಕ್ರವಾರ ಬರತೊಡಗಿದಳು. ಮದುವೆಯಾಗಿ ಬಹಳ ವರ್ಷಗಳ ಮೇಲೆ ಬಸುರಾದಾಗ ಗಂಡನಿಗೆ ಹೇಳಿ, ಎರಡನೆಯದಾಗಿ ಹೇಳಿದ್ದು ಕಮಲವ್ವನಿಗೆ.

"ಆಂಟಿ, ನಮ್ಮ ಕಡೆ ಸೀಮಂತ ಅಂತಾರೆ. ಆದ್ರೆ ನಂಗೆ ನಿಮ್ಮ ಕುಬಸಾನೇ ಬೇಕು. ಈ ಲಕ್ಷ್ಮಿ ಮುಂದೇನೇ ಆಗ್ಬೇಕು. ಮಗು ಬೇಕು ಅಂತ ನಾನು ಇವ್ರನ್ನೇ ಕೇಳ್ಕೊಂಡಿದ್ದು."

"ಶ್ರಾವಣ ಶುಕ್ರವಾರ ಮಾಡೂಣ, ನಮ್ಮವ್ವ" ಎಂದು ಕಮಲವ್ವ ಅವಳ ಗಲ್ಲ ಸವರಿ ಮಾತು ಕೊಟ್ಟಳು.



ಆಷಾಢದ ಒಂದು ಬೆಳಿಗ್ಗೆ ನೆಲ ಸಣ್ಣಗೆ ನಡುಗಿತು. ಈ ಊರಿಗೆ ಅದೇನೂ ಹೊಸದಲ್ಲ. ಕಪಾಟಿನ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡಿ ಸುಮ್ಮನಾದವು. ಆದರೆ ಗೋಡೆಯ ಮೊಳೆ ಕಿತ್ತು ಲಕ್ಷ್ಮವ್ವ ಯಂತ್ರದ ಮೇಲೆ ಬಿದ್ದಳು. ಗಾಜು ಒಡೆಯಿತು, ಚೌಕಟ್ಟಿನ ಮೂಲೆ ಬಿಟ್ಟುಕೊಂಡಿತು.

ಗಂಡ ಹೆಂಡತಿ ಪಟವನ್ನು ಟವೆಲಿನಲ್ಲಿ ಸುತ್ತಿಕೊಂಡು ಹೇವರ್ಡಿನ ಗೋದಾಮುಗಳ ನಡುವಿನ ಒಂದು ಫ್ರೇಮಿನ ಅಂಗಡಿಗೆ ಹೋದರು. ಅಂಗಡಿಯ ಮುದುಕ ಡೊಮಿಂಗೊ ಮೆಕ್ಸಿಕೋದವನು. ಪಟವನ್ನು ಮೇಜಿನ ಮೇಲೆ ಅಂಗಾತ ಮಲಗಿಸಿ, ಗಾಜಿನ ಚೂರುಗಳನ್ನು ಒಂದೊಂದಾಗಿ ತೆಗೆದ. ಬಟ್ಟೆಯ ಅಂಟೆಲ್ಲ ಒಣಗಿ ಪುಡಿಯಾಗಿತ್ತು. ಚಿಮಟಿಗೆಯಿಂದ ಹಿಡಿದರೆ ಸಾಕು, ಹಣ್ಣೆಲೆಯಂತೆ ಎದ್ದುಬರುತ್ತಿತ್ತು.

"ಕೆಳಗೆ ಇನ್ನೊಂದು ಬಟ್ಟೆ ಇದೆ" ಎಂದ ಅವನು. ಸ್ವಲ್ಪ ಹೊತ್ತಿಗೆ, "ಅದರ ಕೆಳಗೂ ಒಂದಿದೆ."

ಮೊದಲು ಎದ್ದದ್ದು ಕಮಲವ್ವನ ಕುಬಸದ ಹಸಿರು. ಅದರ ಕೆಳಗೆ ಅವಳ ನಾದಿನಿಯದು. ಎಲ್ಲಕ್ಕೂ ಕೆಳಗೆ, ಬಣ್ಣ ಹಾರಿ ಬೂದಿಯಂತಾದದ್ದು ಬಾಳವ್ವನದೇ ಇರಬೇಕು. ಅದೂ ಎದ್ದಾಗ ಒಳಗಿನ ಚಿತ್ರ ಪೂರ್ತಿ ಕಂಡಿತು. ಕಮಲ ಇರಲಿಲ್ಲ, ಆನೆ ಇರಲಿಲ್ಲ. ಕೈಗಳು ಎರಡೇ. ಬಿಳಿ ತುಪ್ಪುಳದ ಅಂಚಿನ ಕೆಂಪು ಮಖಮಲ್ಲಿನ ನಿಲುವಂಗಿ ನೆಲದ ತನಕ ಹರಡಿತ್ತು. ಪಕ್ಕದಲ್ಲಿ ದಿಂಬಿನ ಮೇಲೆ ಒಂದು ಕಿರೀಟ. ಕೆಳಗೆ ಇಂಗ್ಲಿಷಿನ ಸಾಲು.

ಡೊಮಿಂಗೊ ಕನ್ನಡಕ ಏರಿಸಿ ಓದಿದ. "ಮಹಾರಾಣಿ ವಿಕ್ಟೋರಿಯಾ. ವಿಂಟರ್‌ಹಾಲ್ಟರ್ ಬರೆದದ್ದು. ಆ ಕಾಲದಲ್ಲಿ ಯೂರೋಪಿನ ರಾಜರಾಣಿಯರ ಚಿತ್ರ ಬೇಕೆಂದರೆ ಅವನನ್ನೇ ಕರೆಸುತ್ತಿದ್ದರು. ಇದು ಅದರ ಅಚ್ಚು. ನಿಮಗೆ ಗೊತ್ತಿರಲಿಲ್ಲವೇ?"

ಅವರ ಮುಖ ನೋಡಿ ಮುದುಕನಿಗೆ ಏನನ್ನಿಸಿತೋ. "ನಮ್ಮ ಊರಲ್ಲೂ ಚರ್ಚಿನ ದೇವಮಾತೆಯ ಮೂರ್ತಿಗೆ ಹೆಂಗಸರು ಬಟ್ಟೆ ಹೊಲಿದು ಉಡಿಸುತ್ತಾರೆ" ಎಂದು ಮೆಲ್ಲಗೆ ಹೇಳಿದ. ಆಮೇಲೆ ಹಣೆಯತ್ತ ಬೆರಳು ತೋರಿಸಿ, "ಈ ಕೆಂಪು ಕಲೆ ತೆಗೆಯಲೇ? ಪ್ರಯತ್ನ ಮಾಡಬಹುದು" ಎಂದು ಕೇಳಿದ.

ಕಮಲವ್ವ ಗಾಬರಿಯಿಂದ ಕೈ ಅಡ್ಡ ಮಾಡಿದಳು. ಯಾರ ಹಣೆಯದೇ ಆಗಲಿ, ಕುಂಕುಮ ಅಳಿಸು ಎಂದು ಅವಳ ಬಾಯಿಂದ ಬರುವಂತಿರಲಿಲ್ಲ.

ಹೊಸ ಗಾಜು, ಹೊಸ ಚೌಕಟ್ಟು ಹಾಕಿಸಿಕೊಂಡು ಮರಳಿ ಬರುವಾಗ ಫ್ರೀವೇಯಲ್ಲಿ ಅಪ್ಪಾಸಾಹೇಬ ರೇಡಿಯೋ ಹಾಕಲಿಲ್ಲ. ಮನೆ ಹತ್ತಿರ ಬಂದಾಗ ಬಾಯಿ ಬಿಟ್ಟ.

"ಗದಗಿನ ಹತ್ತಿ ಗಿರಣಿ ಬಿಳಿ ಸಾಹೇಬ ಊರು ಬಿಟ್ಟ ಹೋಗುವಾಗ ಒಗದ ಸಾಮಾನಿನಾಗ ಈ ಪಟ ಸಿಕ್ಕಿತ್ತಂತ. ನಮ್ಮಜ್ಜ ತಂದಿದ್ದ. ಅವ್ವಗ ಓದಾಕ ಬರ್ತಿರಲಿಲ್ಲ. ಕಿರೀಟ ಕಂಡ್ಲು, ಸರ ಕಂಡ್ಲು, ಲಕ್ಷ್ಮಿ ಅಂದ್ಲು."

"ಮತ್ತೇನಂತಾರ್ರಿ? ನಾನಾಗಿದ್ರೂ ಹಂಗ ಅಂತಿದ್ದೆ."

"ಬ್ರಿಟಿಷರ ಮ್ಯಾಲೆ ತಿರುಗಿಬಿದ್ದ ನರಗುಂದದ ರಾಜಾ ಬಾಬಾಸಾಹೇಬನ್ನ ಗಲ್ಲಿಗೇರಿಸಿದ ಕಾಲದಾಗ ಇಂಗ್ಲೆಂಡಿನ ಗಾದಿ ಮ್ಯಾಲೆ ಕುಂತಾಕಿ ಈಕಿ" ಎಂದ ಅಪ್ಪಾಸಾಹೇಬ. ದನಿ ಏರಿರಲಿಲ್ಲ. ಅದಕ್ಕೇ ಕಮಲವ್ವನಿಗೆ ಹೆಚ್ಚು ನಾಟಿತು. "ಸಣ್ಣಾಂವ ಇದ್ದಾಗ ಗುಡ್ಡ ತೋರಿಸಿ ಆ ಕಥಿ ಹೇಳಿದಾಕಿ ಅವ್ವನ. ಮನಿಗೆ ಬಂದು ಈಕಿಗೆ ಊದಿನಕಡ್ಡಿ ಬೆಳಗಾಕಿನೂ ಅವ್ವನ. ಕಮಲಾ, ಆ ಗ್ವಾಡಿಗೆ ಮತ್ತ ತೂಗು ಹಾಕಬ್ಯಾಡ. ಗ್ಯಾರೇಜಿನ್ಯಾಗ ಇಡು."

ಪಟ ಗ್ಯಾರೇಜಿಗೆ ಹೋಯಿತು. ಖಣದ ತುಂಡುಗಳನ್ನು ಕಮಲವ್ವ ಒಂದು ಬಿಳಿ ಬಟ್ಟೆಯಲ್ಲಿ ಸುತ್ತಿ ಯಂತ್ರದ ಪಕ್ಕ ಇಟ್ಟುಕೊಂಡಳು. ಖಾಲಿ ಗೋಡೆಯ ಮುಂದೆ ಹೊಲಿಯಲು ಕೂತರೆ ಸೂಜಿಗೆ ನೂಲು ಪೋಣಿಸುವುದೇ ಕಷ್ಟವಾಗುತ್ತಿತ್ತು. ಇಷ್ಟು ವರ್ಷ ತಾನು ಹೇಳಿದ್ದೆಲ್ಲ ಯಾರ ಕಿವಿಗೆ ಹೋಯಿತು? ಅದನ್ನು ಬೇಕಾದರೆ ನುಂಗಿಕೊಳ್ಳಬಹುದು. ಆದರೆ ಆ ತಾಯಿಯಿಲ್ಲದ ಹುಡುಗಿಗೆ ಕೊಟ್ಟ ಮಾತು? ಲಕ್ಷ್ಮಿ ಅಲ್ಲ ಎಂದು ಗೊತ್ತಿದ್ದೂ ಲಕ್ಷ್ಮಿ ಎಂದು ಹೇಳಿ ಅವಳನ್ನು ಕೂರಿಸುವುದೋ, ನಿಜ ಹೇಳಿ ತುಂಬಿದ ಬಸುರಿಯ ನಂಬಿಕೆ ಒಡೆಯುವುದೋ?

ಒಂದು ಮಧ್ಯಾಹ್ನ ಗಂಡ ಹೊರಗೆ ಹೋಗಿದ್ದಾಗ ಅವಳು ಗ್ಯಾರೇಜಿನ ದೀಪ ಹಾಕಿ ಪಟವನ್ನು ಎದುರಿಗಿಟ್ಟುಕೊಂಡು ಕೂತಳು. ಬೈಯಬೇಕೆಂದು ಹೋದವಳು. ಆದರೆ ಕಣ್ಣು ತನ್ನ ಚಾಳಿ ಬಿಡಲಿಲ್ಲ, ಬಟ್ಟೆಯನ್ನೇ ನೋಡತೊಡಗಿತು. ಚಿತ್ರ ಬರೆದವನು ಮಖಮಲ್ಲು ಎಲ್ಲಿ ಮಡಿಚಿ ಎಲ್ಲಿ ಬಿಟ್ಟಿದ್ದಾನೆ, ಬೆಳಕು ಎಲ್ಲಿ ಕೂರಿಸಿದ್ದಾನೆ. ಗಿಡ್ಡ ಕೊರಳು. ಅದು ಉದ್ದ ಕಾಣಲೆಂದು ಭುಜದಿಂದ ಬಟ್ಟೆಯನ್ನು ಕೆಳಕ್ಕೆ ಜಾರಿಸಿದ್ದಾನೆ. ತೋರ ಸೊಂಟ. ಅದನ್ನು ನಿಲುವಂಗಿಯ ನೆರಿಗೆಯಲ್ಲಿ ಅಡಗಿಸಿದ್ದಾನೆ. ಇವಳೂ ದಿನಾ ಮಾಡುವ ಕೆಲಸ ಅದೇ. ಕನ್ನಡಿಯ ಮುಂದೆ ನಿಂತ ಗಿರಾಕಿಗೆ ತನ್ನ ಮೈ ತನಗೇ ಚೆಂದ ಕಾಣಬೇಕು.

"ಗಿಡ್ಡಾಕಿ ಇದ್ದಿ ಅಲ್ಲ ನೀನು" ಎಂದಳು ಪಟಕ್ಕೆ. "ಆಂವ ರಾಣಿ ಮಾಡಿದ. ನಮ್ಮತ್ತಿ ಲಕ್ಷ್ಮಿ ಮಾಡಿದ್ಲು. ನಿನ್ನ ಯಾರೂ ಕೇಳಲಿಲ್ಲ."

ಸಿಟ್ಟು ಅರ್ಧಕ್ಕೆ ನಿಂತುಹೋಗಿ ಅವಳು ದೀಪ ಆರಿಸಿ ಎದ್ದುಬಂದಳು.

ಹಸಿರು ಕುಪ್ಪಸದ ಅಳತೆ ಕೊಡಲು ನಿಸರ್ಗಾ ಬಂದ ದಿನ, ಗೋಡೆ ಖಾಲಿ ಇರುವುದು ಬಾಗಿಲಿನಿಂದಲೇ ಅವಳಿಗೆ ಕಂಡಿತು. ಕಮಲವ್ವ ಟೇಪು ಹಿಡಿದ ಕೈಯಲ್ಲೇ ಎಲ್ಲವನ್ನೂ ಹೇಳಿದಳು. ಏನನ್ನೂ ಮುಚ್ಚಲಿಲ್ಲ.

ನಿಸರ್ಗಾ ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಕುರ್ಚಿಯಲ್ಲಿ ಕೂತಳು. "ಹಾಗಾದ್ರೆ ನಾನು ಯಾರನ್ನ ಕೇಳ್ಕೊಂಡೆ ಆಂಟಿ?"

"ನಾನೂ ಅದನ್ನ ಕೇಳಾಕತ್ತೀನಿ, ತಂಗಿ."

ಹುಡುಗಿ ಯಂತ್ರದ ಪಕ್ಕದ ಬಿಳಿ ಗಂಟಿನತ್ತ ಕೈ ಮಾಡಿದಳು. "ಇದೇನು?"

ಕಮಲವ್ವ ಬಿಚ್ಚಿದಳು. ಇದು ನನ್ನದು, ಇದು ನಾದಿನಿಯದು, ಇದು ನಮ್ಮತ್ತಿಯದು ಎಂದು ಒಂದೊಂದನ್ನೇ ಮೊಣಕಾಲ ಮೇಲೆ ಹರಡಿದಳು. ಬಾಳವ್ವನ ತುಂಡಿನ ಅಂಚಿನಲ್ಲಿ ಕೈಹೊಲಿಗೆ ಇನ್ನೂ ಬಿಗಿಯಾಗಿತ್ತು. ನಿಸರ್ಗಾ ಅದರ ಮೇಲೆ ಬೆರಳಾಡಿಸಿದಳು. ಎದ್ದು ನಿಂತು ಅಳತೆಗೆ ಕೈ ಚಾಚಿದಳು, ಅಷ್ಟೇ. ಕುಬಸ ಬೇಕೆಂದಳೋ ಬೇಡವೆಂದಳೋ ಕಮಲವ್ವನಿಗೆ ತಿಳಿಯಲಿಲ್ಲ. ಅಳತೆ ಕೊಟ್ಟಿದ್ದಾಳೆ, ಹೊಲಿಯುವುದು ತನ್ನ ಕೆಲಸ ಎಂದುಕೊಂಡಳು. ಹೊಲಿದು ಉಳಿದ ಹಸಿರಿನ ಒಂದು ತುಂಡನ್ನು ಹಳೆಯ ಮೂರು ತುಂಡುಗಳ ಜೊತೆ ಸೇರಿಸಿ, ಜರಿ ಕಟ್ಟಿ, ಒಂದೇ ಚೌಕದ ಬಟ್ಟೆ ಮಾಡಿದಳು.

ಶ್ರಾವಣ ಶುಕ್ರವಾರ ಬಂತು. ಕಮಲವ್ವ ಗೋಡೆಯ ಕೆಳಗೆ ಮಣೆ ಹಾಕಿ, ಅಕ್ಕಿಯ ಮೇಲೆ ತುಂಬಿದ ಕಳಸ ಇಟ್ಟು, ಕಳಸಕ್ಕೆ ಆ ನಾಲ್ಕು ತುಂಡಿನ ಬಟ್ಟೆ ಉಡಿಸಿದಳು. ನಿಸರ್ಗಾ ಬರುತ್ತಾಳೋ ಇಲ್ಲವೋ ಎಂದು ಕಿಟಕಿಗೂ ಒಲೆಗೂ ಓಡಾಡಿದಳು. ನಿಸರ್ಗಾ ಬಂದಳು. ಅತ್ತೆ ಸಣ್ಣತಾಯಮ್ಮನ ಕೈ ಹಿಡಿದುಕೊಂಡು, ಹಸಿರು ಸೀರೆ ಉಟ್ಟು, ಮುಡಿ ತುಂಬ ಮಲ್ಲಿಗೆ. ಕಳಸ ನೋಡಿ ಅದರ ಮೇಲಿನ ತನ್ನ ಹಸಿರನ್ನು ಗುರುತಿಸಿ, ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಕಮಲವ್ವ ಸೆರಗಿನಿಂದ ಮೂಗು ಒರೆಸಿಕೊಂಡು ಒಳಗೆ ಹೋದಳು, ಒಲೆಯ ಮೇಲೆ ಏನೂ ಇಲ್ಲದಿದ್ದರೂ.

ಕುಬಸಕ್ಕೆ ಐವರು ಮುತ್ತೈದೆಯರು ಬೇಕು. ಕಮಲವ್ವ, ಸಣ್ಣತಾಯಮ್ಮ, ಹುಬ್ಬಳ್ಳಿಯ ನಿವೇದಿತಾ, ನಿಸರ್ಗಾಳ ಗೆಳತಿ ಗಾನವಿ. ಐದನೆಯವಳು ಮಾಧುರಿ. ಅವಳ ಫೋನು ಬಂತು: "ಆಂಟಿ, ಫ್ರೀವೇದಾಗ ಆಕ್ಸಿಡೆಂಟ್ ಆಗೇದ. ಗಾಡಿ ಒಂದೂ ಹಂದ್ಯಾಡವಲ್ದು."

ರಾಹುಕಾಲ ಹತ್ತಿರ ಬರುತ್ತಿತ್ತು. "ವಿಡಿಯೋ ಕಾಲ್ ಮಾಡೂಣಲ್ಲ?" ಎಂದಳು ನಿವೇದಿತಾ.

"ಫೋನಿಗೆ ಕುಂಕುಮ ಇಕ್ಕಕ್ಕಾಯ್ತದಾ? ಸುಮ್ಕಿರವ್ವ" ಎಂದಳು ಸಣ್ಣತಾಯಮ್ಮ.

ಮಣೆಯ ಮೇಲಿದ್ದ ನಿಸರ್ಗಾ ತಲೆ ಎತ್ತಿದಳು. "ಆಂಟಿ, ರಾಣಿ ಎಲ್ಲಿದಾರೆ?"

ಬಾಗಿಲ ಬಳಿ ಪೇಪರು ಹಿಡಿದು ಕೂತಿದ್ದ ಅಪ್ಪಾಸಾಹೇಬ ಪೇಪರು ಇಳಿಸಿದ.

"ನಾನು ಈ ವಾರವೆಲ್ಲ ಅವ್ರ ಬಗ್ಗೇನೇ ಓದ್ದೆ" ಎಂದಳು ನಿಸರ್ಗಾ. "ಒಂಬತ್ತು ಮಕ್ಕಳಂತೆ. ಒಂಬತ್ತೂ ಬದುಕಿ ದೊಡ್ಡವರಾದ್ರಂತೆ. ಆ ಪೇಂಟರ್ ಕೂಡ ಹಳ್ಳಿಯವನು, ರೈತನ ಮಗ. ದೇವರು ಅಂತ ಬೇಡ. ಐದನೇ ಮುತ್ತೈದೆ ಅಂತ ಕರಿಯೋಣ."

"ಮುತ್ತೈದೇನಾ? ಗಂಡ ಇದ್ನಾ?" ಸಣ್ಣತಾಯಮ್ಮ ಕಡ್ಡಿ ಮುರಿದಂತೆ ಕೇಳಿದಳು. "ಅದ್ನ ಮೊದ್ಲು ನೋಡು. ಹಂಗೆಲ್ಲ ಕೂರಿಸ್ಬಾರ್ದು."

"ಚಿತ್ರ ಬರೆದಿದ್ದು ಸಾವಿರದೆಂಟುನೂರ ಐವತ್ತೊಂಬತ್ತರಲ್ಲಿ ಅಮ್ಮಾ. ಗಂಡ ಹೋಗಿದ್ದು ಅರವತ್ತೊಂದರಲ್ಲಿ."

ಸಣ್ಣತಾಯಮ್ಮ ಲೆಕ್ಕ ಹಾಕಿದಳು. "ಹಂಗಾರೆ ಪಟದೊಳ್ಗೆ ಮುತ್ತೈದೇನೇ ಕಣ್ರವ್ವ."

ಗಾನವಿ ನಗು ತಡೆಯಲಾರದೆ ಬಾಯಿಗೆ ಸೆರಗು ಹಿಡಿದಳು. ಕಮಲವ್ವ ನಗಲಿಲ್ಲ. ಗಂಡನ ಮುಖ ನೋಡುತ್ತಿದ್ದಳು. ಆ ಪಟ ಅವನ ತಾಯಿಯದು, ಬಾಬಾಸಾಹೇಬನ ಊರೂ ಅವನದೇ. ಅವನು ಬೇಡವೆಂದರೆ ಅವಳು ಒಂದು ಮಾತೂ ಆಡುವಂತಿರಲಿಲ್ಲ.

ಅಪ್ಪಾಸಾಹೇಬ ಪೇಪರು ಮಡಿಚಿ ಕುರ್ಚಿಯ ಮೇಲಿಟ್ಟ. ಎದ್ದು ಗ್ಯಾರೇಜಿನ ಬಾಗಿಲು ತೆಗೆದು ಒಳಗೆ ಹೋದ. ಹೊರಗೆ ಬರಲು ಹೊತ್ತು ಹಿಡಿಯಿತು. ಬಂದಾಗ ಪಟ ಎರಡೂ ಕೈಯಲ್ಲಿತ್ತು, ಹೆಗಲ ಮೇಲಿನ ಟವೆಲು ಧೂಳಾಗಿತ್ತು. ಗಾಜು ಒರೆಸಿದ್ದ.

"ಪೂಜಿ ಗೀಜಿ ಇಲ್ಲ" ಎಂದ, ಪಟವನ್ನು ತನ್ನದೇ ಕುರ್ಚಿಯಲ್ಲಿ ನಿಲ್ಲಿಸುತ್ತ. "ಮನಿಗೆ ಬಂದಾಕಿ, ಉಡಿ ತುಂಬಿಸ್ಕೊಂಡು ಹೋಗಲಿ. ನರಗುಂದದ ಮಾತು ನಾನೂ ಈಕಿನೂ ಆಮ್ಯಾಲೆ ಆಡ್ತೀವಿ." ಪಟವನ್ನು ನೆಟ್ಟಗೆ ಮಾಡಿ, "ಅವ್ವ ಇದ್ದಿದ್ರ ಖಾಲಿ ಕೈಲೆ ಕಳಸ್ತಿರಲಿಲ್ಲ" ಎಂದ.

ರಾಹುಕಾಲಕ್ಕೆ ಮುಂಚೆಯೇ ಕುಬಸ ನಡೆಯಿತು. ನಾಲ್ವರು ಸಾಲಾಗಿ ಬಂದು ನಿಸರ್ಗಾಳಿಗೆ ಅರಿಷಿಣ ಕುಂಕುಮ ಹಚ್ಚಿ, ಅವಳ ಉಡಿಗೆ ಅಕ್ಕಿ, ಕೊಬ್ಬರಿ, ಉತ್ತತ್ತಿ ಹಾಕಿದರು. ಐದನೆಯವಳ ಪಾಲಿನದನ್ನು ಕಮಲವ್ವ ಪಟದ ಅಂಚಿಗೆ ಮುಟ್ಟಿಸಿ ತಾನೇ ಹಾಕಿದಳು. ಆಮೇಲೆ ಮುತ್ತೈದೆಯರಿಗೂ ಉಡಿ ತುಂಬುವ ಸರದಿ. ಕಮಲವ್ವ ಕುಂಕುಮದ ಬಟ್ಟಲು ಹಿಡಿದು ರಾಣಿಯ ಎದುರು ಬಂದಾಗ, "ಅವ್ಳಿಗೆ ಬೇಡ ಬಿಡಿ ಕಮಲಮ್ಮೋರೆ, ಆಗ್ಲೇ ಐತಲ್ಲ ಹಣೇಲಿ" ಎಂದಳು ಸಣ್ಣತಾಯಮ್ಮ. ಇತ್ತು, ಗಾಜಿನ ಒಳಗೆ, ಬಾಳವ್ವನ ಬೆರಳಿನಷ್ಟು ಅಗಲ.

ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಮಾಧುರಿ ಏದುಸಿರು ಬಿಡುತ್ತ ಬಂದಳು. ಕುರ್ಚಿಯಲ್ಲಿ ಕಿರೀಟದ ಪಕ್ಕ ಕೂತ ಹೆಂಗಸನ್ನೂ, ಅವಳ ಮಡಿಲ ಮುಂದೆ ಇಟ್ಟ ತೆಂಗಿನಕಾಯಿಯನ್ನೂ ನೋಡಿ ಬಾಗಿಲಲ್ಲೇ ನಿಂತಳು.

"ಯಾರಿವರು, ನನ್ನ ಜಾಗಾದಾಗ?"

"ನಿನಗಿಂತ ದೂರದಾಕಿ" ಎಂದ ಅಪ್ಪಾಸಾಹೇಬ. "ವ್ಯಾಳೇಕ್ಕ ಬಂದ್ಲು."

ಕಮಲವ್ವ ಎಲ್ಲರಿಗೂ ಕೊಟ್ಟಂತೆ ರಾಣಿಗೂ ಒಂದು ಖಣದ ಬಟ್ಟೆ ಮಡಿಚಿ ತೆಂಗಿನಕಾಯಿಯ ಮೇಲೆ ಇಟ್ಟಳು. ಅಳತೆ ತೆಗೆಯಲು ಅಭ್ಯಾಸಬಲದಿಂದ ಕೊರಳ ಟೇಪಿಗೆ ಕೈ ಹೋಯಿತು. ಆಮೇಲೆ, ರಾಣಿ ತಾನು ಉಟ್ಟದ್ದರಲ್ಲೇ ಇರಲಿ ಎಂದು ಅದನ್ನು ಬಿಟ್ಟು, ಬಡಿಸಲು ಒಳಗೆ ಹೋದಳು.